ವಿಮಾನ ಬದಲಿಸಲು ಹತ್ತೂವರೆ ಗಂಟೆ ಬಿಡುವು: ಚಿಕ್ಕಬಳ್ಳಾಪುರದ ಮನೆಗೆ ಬಂದು ಹೋಗಬಹುದೇ?

ದ್ರಾಕ್ಷಿಚಪ್ಪರ

ಅಕ್ಕ, ಭಾವ, ಇಬ್ಬರು ಮಕ್ಕಳು ಡಿಸೆಂಬರ್ ಮೊದಲ ಭಾನುವಾರ ಮಸ್ಕತ್‌ನಿಂದ ಬರುತ್ತಿದ್ದಾರೆ. ದೇವನಹಳ್ಳಿಯಲ್ಲಿ ಇಳಿಯುವುದು ಬೆಳಗ್ಗೆ 6:40ಕ್ಕೆ. ಅಲ್ಲಿಂದ ಹುಬ್ಬಳ್ಳಿ ವಿಮಾನ ಸಂಜೆ 5:10ಕ್ಕೆ. ಭಾವನ ಊರು ಧಾರವಾಡ, ಮಾರನೆಯ ದಿನ ಅಲ್ಲಿ ಗೃಹಪ್ರವೇಶ. ರಜೆ ಇರುವುದು ಒಂದೇ ವಾರ, ಹಿಂದಿರುಗುವ ಟಿಕೆಟ್ ಗೋವಾದಿಂದ. ಹಾಗಾಗಿ ನಮಗೆ ಸಿಗುವುದು ಆ ಭಾನುವಾರದ ಹಗಲು ಮಾತ್ರ.

ನಮ್ಮ ಮನೆ ಚಿಕ್ಕಬಳ್ಳಾಪುರದಲ್ಲಿ, ನಿಲ್ದಾಣದಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಅಮ್ಮ ಹೇಳುವುದು: "ಮನೆಯನ್ನು ಇಷ್ಟು ಹತ್ತಿರ ಇಟ್ಟುಕೊಂಡು ನನ್ನ ಮೊಮ್ಮಕ್ಕಳು ಕುರ್ಚಿಯ ಮೇಲೆ ಕೂತು ಬ್ರೆಡ್ಡು ತಿನ್ನಬೇಕೇ?" ಭಾವ ಹೇಳುವುದು: "ವಿಮಾನ ತಪ್ಪಿದರೆ ಗೃಹಪ್ರವೇಶಕ್ಕೆ ಯಜಮಾನನೇ ಇರುವುದಿಲ್ಲ, ನಾವು ಒಳಗೇ ಇರುತ್ತೇವೆ, ನೀವೇ ಬನ್ನಿ." ಅಮ್ಮನಿಗೆ ಮಂಡಿ ನೋವು, ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಇಬ್ಬರ ನಡುವೆ ಫೋನು ಹಿಡಿದುಕೊಂಡು ನಾನು ಸಿಕ್ಕಿಹಾಕಿಕೊಂಡಿದ್ದೇನೆ. ಹೀಗೆ ಬಂದು ಹೋದವರು ಯಾರಾದರೂ ಇದ್ದರೆ ಹೇಳಿ.

ಬೆಟ್ಟದಬುಡ

ಹತ್ತೂವರೆ ಗಂಟೆ ಇದ್ದರೆ ಅರ್ಧ ಜಿಲ್ಲೆಯನ್ನೇ ತೋರಿಸಬಹುದು! ಇಳಿದ ತಕ್ಷಣ ನಂದಿಬೆಟ್ಟ, ಇಳಿಯುವಾಗ ಭೋಗನಂದೀಶ್ವರ, ಅಲ್ಲಿಂದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ, ಆವಲಗುರ್ಕಿಯ ಆದಿಯೋಗಿ, ಮಧ್ಯಾಹ್ನ ಮನೆಯಲ್ಲಿ ಊಟ. ಆರಾಮವಾಗಿ ಮುಗಿಯುತ್ತದೆ.

ಹಳದಿಫಲಕ

ಆರಾಮವಾಗಿ ಮುಗಿಯುತ್ತದಂತೆ! ಅಣ್ಣ, ನಾನು ಅದೇ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯುವವನು. ಒಂದಿಷ್ಟು ಲೆಕ್ಕ ಹಾಕೋಣ.

6:40ಕ್ಕೆ ಚಕ್ರ ನೆಲಕ್ಕೆ ತಾಗುತ್ತದೆ. ವಿಮಾನದಿಂದ ಇಳಿದು, ಪಾಸ್‌ಪೋರ್ಟ್ ಸಾಲು ದಾಟಿ, ಸೂಟ್‌ಕೇಸುಗಳು ಒಂದೊಂದಾಗಿ ಬರುವುದನ್ನು ಕಾದು, ಸುಂಕದವರನ್ನು ದಾಟಿ, ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ದು ಹೊರಗೆ ಬರುವಷ್ಟರಲ್ಲಿ ಎಂಟು ಗಂಟೆ. ಸಂಜೆ 5:10ರ ವಿಮಾನಕ್ಕೆ ಮಕ್ಕಳು, ಸಾಮಾನು ಇರುವವರು ಮೂರು ಗಂಟೆಗೆ ಬಾಗಿಲಲ್ಲಿ ಇರಬೇಕು. ಉಳಿದದ್ದು ಏಳು ಗಂಟೆ. ಹೋಗಿ ಬರುವ ದಾರಿಗೆ ಎರಡು ಗಂಟೆ ತೆಗೆದಿಡಿ, ಭಾನುವಾರವಾದ್ದರಿಂದ ಉದಾರವಾಗಿಯೇ ತೆಗೆದಿಡಿ. ಕೈಗೆ ಸಿಕ್ಕಿದ್ದು ಐದು. ಕಾಗದದ ಮೇಲಿನ ಹತ್ತೂವರೆ ಗಂಟೆಯನ್ನು ಮರೆತುಬಿಡಿ.

ಆ ಐದರಲ್ಲಿ ನಂದಿಬೆಟ್ಟವನ್ನು ತುರುಕುತ್ತೀರಾ? ಭಾನುವಾರ ಬೆಳಗ್ಗೆ ರಾಣಿ ಕ್ರಾಸ್‌ನಿಂದಲೇ ಬೈಕುಗಳ ಮೆರವಣಿಗೆ ಶುರು. ಮಂಜು ನೋಡಲು ಬಂದವರು ಇಳಿಯುವ ಹೊತ್ತಿಗೆ ತಿಂಡಿ ತಿಂದುಕೊಂಡು ಬಂದವರು ಹತ್ತುತ್ತಿರುತ್ತಾರೆ. ಆ ತಿರುವುಗಳಲ್ಲಿ ಎದುರುಬದುರು ಸಿಕ್ಕಿದರೆ ಮುಗಿಯಿತು. ಇಡೀ ರಾತ್ರಿ ನಿದ್ದೆಗೆಟ್ಟ ಮಕ್ಕಳು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುತ್ತಾರೆ, ತೊಳೆಯುವವನು ನಾನು.

ಬೆಟ್ಟದಬುಡ

ನಿಮ್ಮ ಸೀಟಿನ ಚಿಂತೆಗೆ 1,478 ಮೀಟರ್ ಎತ್ತರದ ಬೆಟ್ಟವನ್ನು ಬಿಟ್ಟುಬಿಡಬೇಕೇ? 1986ರಲ್ಲಿ ಸಾರ್ಕ್ ಶೃಂಗಸಭೆಗೆ ಬಂದ ನಾಯಕರನ್ನೇ ಅಲ್ಲಿಗೆ ಕರೆದೊಯ್ದಿದ್ದರು.

ಹಳದಿಫಲಕ

ಅವರಿಗೆ ಮುಂದೆ ಹಿಂದೆ ಪೊಲೀಸ್ ಜೀಪು ಇತ್ತು. ಇವರ ಭಾವನಿಗೆ ಇದೆಯೇ ಕೇಳಿ.

ಟರ್ಮಿನಲ್‌ಪಾಳಿ

ನಾನು ವಿಮಾನ ನಿಲ್ದಾಣದಲ್ಲೇ ಪಾಳಿಯಲ್ಲಿ ಕೆಲಸ ಮಾಡುವವಳು. ಯಾವ ಕಂಪನಿ ಎಂದು ಕೇಳಬೇಡಿ. ಇಲ್ಲಿ ಎಲ್ಲರೂ ಬೆಟ್ಟ ಹತ್ತುವ ಮೊದಲು ಕೆಲವು ವಿಷಯ ತಿಳಿದುಕೊಳ್ಳಿ.

ಮೊದಲನೆಯದು, ನಿಮ್ಮ ಭಾವ "ಒಳಗೇ ಇರುತ್ತೇವೆ" ಎನ್ನುತ್ತಿದ್ದಾರಲ್ಲ, ಅದು ಅವರಂದುಕೊಂಡ ಹಾಗೆ ಆಗುವುದಿಲ್ಲ. ಹೊರದೇಶದಿಂದ ಬಂದು ದೇಶದೊಳಗಿನ ವಿಮಾನ ಹಿಡಿಯುವವರು ಮೊದಲು ಇಳಿಯುವ ಊರಿನಲ್ಲೇ ವಲಸೆ ತಪಾಸಣೆ ಮುಗಿಸಬೇಕು, ಸಾಮಾನ್ಯವಾಗಿ ಸಾಮಾನನ್ನೂ ಇಲ್ಲೇ ತೆಗೆದುಕೊಂಡು ಸುಂಕ ದಾಟಿಸಿ ಮತ್ತೆ ಒಪ್ಪಿಸಬೇಕು. ಅಂದರೆ ಹೇಗಿದ್ದರೂ ಅವರು ಹೊರಗೆ ಬಂದೇ ಬರುತ್ತಾರೆ.

ಎರಡನೆಯದು, 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಬರುತ್ತವೆ. ಹುಬ್ಬಳ್ಳಿಯದು ಯಾವ ಕಂಪನಿ ನೋಡಿ. ಇಂಡಿಗೋ ಆದರೆ ಒಂದನೇ ಟರ್ಮಿನಲ್ಲಿನಿಂದ ಹೊರಡುತ್ತದೆ. ಎರಡರ ನಡುವೆ ಉಚಿತ ಬಸ್ ಇದೆ. ಟಿಕೆಟ್ಟಿನ ಮೇಲೆ ಬರೆದಿರುವುದನ್ನು ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಲಿ.

ಇನ್ನು ಅಮ್ಮನ ವಿಷಯ. ಟಿಕೆಟ್ ಇಲ್ಲದವರನ್ನು ಸಿಐಎಸ್‌ಎಫ್‌ನವರು ಬಾಗಿಲಿನಿಂದ ಒಳಗೆ ಬಿಡುವುದಿಲ್ಲ. ಅವರು ನಿಲ್ದಾಣಕ್ಕೆ ಬಂದರೆ ಹೊರಗಿನ ಅಂಗಳದಲ್ಲೇ ಕೂರಬೇಕು. ಬೆಂಚುಗಳಿವೆ, ತಿಂಡಿ ಅಂಗಡಿಗಳಿವೆ, ಆದರೆ ಮಂಡಿ ನೋವಿನವರು ಹಗಲಿಡೀ ಕೂರುವ ಜಾಗವಲ್ಲ. ಸಂಜೆಯ ವಿಮಾನದ ಸೂಟ್‌ಕೇಸನ್ನು ಬೆಳಗ್ಗೆ ಎಂಟಕ್ಕೇ ಕೌಂಟರಿನಲ್ಲಿ ತೆಗೆದುಕೊಳ್ಳುತ್ತಾರೆ ಎಂಬ ಖಾತ್ರಿಯೂ ಇಲ್ಲ. ಸಾಮಾನು ಇಡುವ ಕ್ಲೋಕ್‌ರೂಮ್ ಇದೆ, ಮಲಗಲು ಟ್ರಾನ್ಸಿಟ್ ಹೋಟೆಲ್ ಇದೆ, ಎರಡಕ್ಕೂ ದುಡ್ಡು ಕೊಡಬೇಕು.

ಒಂದೇ ಟಿಕೆಟ್ಟೋ, ಬೇರೆ ಬೇರೆ ಟಿಕೆಟ್ಟೋ? ಅದನ್ನು ಹೇಳಿ, ಆಮೇಲೆ ಮುಂದಿನ ಮಾತು.

ದ್ರಾಕ್ಷಿಚಪ್ಪರ

ಬೇರೆ ಬೇರೆ. ಮಸ್ಕತ್ ಟಿಕೆಟ್ ಕಚೇರಿಯವರು ಕೊಟ್ಟದ್ದು, ಹುಬ್ಬಳ್ಳಿಯದು ಭಾವ ತಾವೇ ಕೊಂಡದ್ದು. ಇಂಡಿಗೋ, ಒಂದನೇ ಟರ್ಮಿನಲ್. ಸಾಮಾನು ತಲೆಗೆ ಮೂವತ್ತು ಕೆ.ಜಿ. ತರುತ್ತಿದ್ದಾರಂತೆ.

ಟರ್ಮಿನಲ್‌ಪಾಳಿ

ಬೇರೆ ಬೇರೆ ಆದರೆ ಭಾವನ ಭಯಕ್ಕೆ ಅರ್ಥವಿದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ, ಹೊಸ ಟಿಕೆಟ್ ಸ್ವಂತ ಖರ್ಚಿನಲ್ಲಿ. ಹತ್ತೂವರೆ ಗಂಟೆಯ ಅಂತರ ಇಟ್ಟದ್ದು ಬುದ್ಧಿವಂತಿಕೆ.

ಮರಳುಗಾಡಿನ ಗೌರಿಬಿದನೂರಿಗ

ಮೂವತ್ತು ಕೆ.ಜಿ. ಎಂದದ್ದು ಓದಿ ಎದ್ದು ಕೂತೆ. ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ ತಲೆಗೆ ಹದಿನೈದು ಕೆ.ಜಿ. ಮಾತ್ರ! ನಾಲ್ಕು ಜನಕ್ಕೆ ಅರವತ್ತು. ನೂರಿಪ್ಪತ್ತು ತಂದರೆ ಉಳಿದ ಅರವತ್ತಕ್ಕೆ ಕೌಂಟರಿನಲ್ಲಿ ಕೆ.ಜಿ. ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಮೊದಲೇ ಆನ್‌ಲೈನಿನಲ್ಲಿ ಕೊಂಡರೆ ಸ್ವಲ್ಪ ಕಡಿಮೆ, ಆದರೂ ಚುರುಕ್ ಎನ್ನುತ್ತದೆ. ಹೊರದೇಶದ ಟಿಕೆಟ್ ತೋರಿಸಿದರೆ ಕೆಲವು ಕಂಪನಿಗಳು ರಿಯಾಯಿತಿ ಕೊಡುತ್ತವೆ, ಫೋನು ಮಾಡಿ ಕೇಳಿಕೊಳ್ಳಲಿ.

ಅದಕ್ಕೇ ಹೇಳುತ್ತೇನೆ, ನಿಮ್ಮ ಮನೆಗೆ ಬರುವುದೇ ಲಾಭ. ನಾವು ಊರಿಗೆ ಬಂದಾಗಲೆಲ್ಲ ನಡೆಯುವ ನಾಟಕ ಇದು: ಜಗಲಿಯ ಮೇಲೆ ಚಾಪೆ ಹಾಸಿ ಸೂಟ್‌ಕೇಸುಗಳನ್ನು ಬಿಚ್ಚುವುದು. ಖರ್ಜೂರದ ಡಬ್ಬಿಗಳು ಒಂದು ಕಡೆ, ಹಾಲಿನ ಪುಡಿ ಒಂದು ಕಡೆ, ಸೋಪು, ಸೆಂಟು, ಟಾರ್ಚು, ಅತ್ತಿಗೆಯ ಮಗನಿಗೆ ಆಟದ ಕಾರು. ಮಾವ ಕೊಕ್ಕೆಯ ತೂಕದ ಯಂತ್ರ ಹಿಡಿದು ಒಂದೊಂದು ಸೂಟ್‌ಕೇಸನ್ನೂ ಎತ್ತಿ "ಹದಿನಾರು ಇನ್ನೂರು" ಎಂದು ಕೂಗುವುದು, ಹೆಂಡತಿ ಎರಡು ಸೋಪು ತೆಗೆಯುವುದು, ಮತ್ತೆ ಎತ್ತುವುದು. ಇಡೀ ಬೀದಿ ನೋಡುತ್ತಿರುತ್ತದೆ. ನಿಮ್ಮ ಅಕ್ಕನೂ ಬೇಡದ್ದನ್ನು ನಿಮ್ಮ ಮನೆಯಲ್ಲಿಟ್ಟು ಹಗುರಾಗಿ ಹೋಗಲಿ. ಒಂದು ಮಾತು ನೆನಪಿರಲಿ: ಮತ್ತೆ ತುಂಬುವಾಗ ಪವರ್ ಬ್ಯಾಂಕನ್ನು ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ, ಅದು ಕೈಚೀಲದಲ್ಲೇ ಇರಬೇಕು.

ಹುಣಸೆತೋಪು ಚಿಂತಾಮಣಿ

ಉಳಿದದ್ದನ್ನು ಕೆಎಸ್‌ಆರ್‌ಟಿಸಿಯ "ನಮ್ಮ ಕಾರ್ಗೋ"ದಲ್ಲಿ ಹುಬ್ಬಳ್ಳಿಗೆ ಹಾಕಿದರಾಯಿತು. ಬಸ್ಸಿನಲ್ಲೇ ಹೋಗುತ್ತದೆ.

ಸೊಪ್ಪಿನಸಾರು

ಗೌರಿಬಿದನೂರಿನ ತಮ್ಮನಿಗೆ ಒಂದು ಪ್ರಶ್ನೆ. ಆ ಅರವತ್ತು ಕೆ.ಜಿ. ಯಾರಿಗೆ ತಂದದ್ದು? ಗೃಹಪ್ರವೇಶಕ್ಕೆ ಸೇರುವ ಅತ್ತೆ ಮನೆಯವರಿಗೆ. ಅದನ್ನೆಲ್ಲ ತವರಿನಲ್ಲಿ ಇಳಿಸಿ ಬರಿಗೈಯಲ್ಲಿ ಧಾರವಾಡಕ್ಕೆ ಹೋದರೆ ಆ ಹೆಣ್ಣುಮಗಳ ಗತಿ ಏನು? ಗಂಡಸರಿಗೆ ಕೆ.ಜಿ. ಮಾತ್ರ ಕಾಣುತ್ತದೆ.

ಮರಳುಗಾಡಿನ ಗೌರಿಬಿದನೂರಿಗ

ಅಕ್ಕ, ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನನ್ನ ಹೆಂಡತಿ ಪಕ್ಕದಲ್ಲೇ ಓದಿಕೊಂಡು ತಲೆಯಾಡಿಸುತ್ತಿದ್ದಾಳೆ.

ಹಾಲ್ಟ್‌ಸ್ಟೇಷನ್

ಯಾರೂ ರೈಲಿನ ಮಾತು ಎತ್ತಲಿಲ್ಲವಲ್ಲ! ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ವಿಮಾನ ನಿಲ್ದಾಣಕ್ಕೆಂದೇ ಹಾಲ್ಟ್ ಸ್ಟೇಷನ್ ಇದೆ, 2021ರ ಜನವರಿಯಲ್ಲಿ ಶುರುವಾಯಿತು. ಅಲ್ಲಿ ಹತ್ತಿದರೆ ದೇವನಹಳ್ಳಿ, ಆವತಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರ. ಟಿಕೆಟ್ ದರ ಒಂದು ಕಾಫಿಯ ದುಡ್ಡಿಗಿಂತ ಕಡಿಮೆ. ಬಲಗಡೆ ಎಡಗಡೆ ದ್ರಾಕ್ಷಿ ಚಪ್ಪರ, ಹೂವಿನ ಪಾಲಿಹೌಸ್, ದೂರದಲ್ಲಿ ನಂದಿಬೆಟ್ಟದ ಬೆನ್ನು. ಮಕ್ಕಳು ಕಿಟಕಿ ಬಿಟ್ಟು ಏಳುವುದಿಲ್ಲ. ನಂದಿ ಹಾಲ್ಟ್‌ನ ಹಳೆಯ ಕಟ್ಟಡವನ್ನಂತೂ ನೋಡಲೇಬೇಕು, ಈ ಮಾರ್ಗ ಸಣ್ಣ ರೈಲಿನದ್ದಾಗಿದ್ದ ಕಾಲದ್ದು.

ಹಳದಿಫಲಕ

ನೂರಿಪ್ಪತ್ತು ಕೆ.ಜಿ. ಸಾಮಾನು, ಎರಡು ಮಕ್ಕಳು, ಹಾಲ್ಟ್ ಸ್ಟೇಷನ್ನಿಗೆ ಇನ್ನೊಂದು ಬಸ್ಸು, ದಿನಕ್ಕೆ ಬೆರಳೆಣಿಕೆಯ ರೈಲು. ಕವಿತೆ ಚೆನ್ನಾಗಿದೆ.

ಹಾಲ್ಟ್‌ಸ್ಟೇಷನ್

ಬಾಡಿಗೆ ಹೋಗುತ್ತದೆ ಎಂದು ಹೊಟ್ಟೆಕಿಚ್ಚು ನಿಮಗೆ. ಒಂಟಿಯಾಗಿ ಬೆನ್ನಚೀಲ ಹಾಕಿಕೊಂಡು ಬರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಭಾನುವಾರದ ವೇಳಾಪಟ್ಟಿ ಬೇರೆ ಇರಬಹುದು, ಅದನ್ನು ನೋಡಿಕೊಳ್ಳಬೇಕು ಅಷ್ಟೇ.

ಹಳದಿಫಲಕ

ಅಂದರೆ ಇವರಿಗೆ ಆಗುವುದಿಲ್ಲ ಎಂದು ಒಪ್ಪಿದಿರಿ.

ಕೋಲಾರದ ಮೇಷ್ಟರು

ದೊಡ್ಡ ನಿಲ್ದಾಣದಲ್ಲಿ ಬಿಡುವು ಸಿಕ್ಕರೆ ಈ ಗೋಳು ಇದ್ದದ್ದೇ. ದೇವನಹಳ್ಳಿ ಈಗ ಪ್ರಯಾಣಿಕರ ಸಂಖ್ಯೆಯಲ್ಲಿ ದೆಹಲಿ, ಮುಂಬೈ ಬಿಟ್ಟರೆ ದೇಶಕ್ಕೇ ದೊಡ್ಡದು. ನನ್ನನ್ನು ಕೇಳಿದರೆ ವಿಮಾನ ಬದಲಿಸುವುದಕ್ಕೆ ಮಧ್ಯಮ ಗಾತ್ರದ ನಿಲ್ದಾಣವೇ ಲೇಸು. ಅಲ್ಲಿ ಇಳಿದವನು ಬೇಗ ಬೀದಿಗೆ ಬೀಳುತ್ತಾನೆ.

ಕಾಶಿಗೆ ಹೋಗುವಾಗ ಬೇಕೆಂದೇ ನಾಗಪುರದಲ್ಲಿ ಅರ್ಧ ದಿನದ ಅಂತರ ಇಟ್ಟುಕೊಂಡಿದ್ದೆವು. ಬಾಬಾಸಾಹೇಬರ ಹೆಸರಿನ ನಿಲ್ದಾಣ ಅದು, ಅವರು 1956ರ ಅಕ್ಟೋಬರ್ 14ರಂದು ಬೌದ್ಧ ಧರ್ಮ ಸ್ವೀಕರಿಸಿದ ದೀಕ್ಷಾಭೂಮಿ ಅಲ್ಲಿಂದ ಕೆಲವೇ ಕಿಲೋಮೀಟರ್. ಮೆಟ್ರೊದಲ್ಲಿ "ಏರ್‌ಪೋರ್ಟ್" ಎಂಬ ನಿಲ್ದಾಣವೇ ಇದೆ, ಆದರೆ ಟರ್ಮಿನಲ್ಲಿನಿಂದ ನಡೆದು ಹೋಗುವಷ್ಟು ಹತ್ತಿರವಿಲ್ಲ, ಆಟೊ ಹಿಡಿಯಬೇಕು. ಸ್ತೂಪದ ಒಳಗೆ ಕಾಲಿಟ್ಟರೆ ತಣ್ಣಗೆ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಒಂದು ಮೂಲೆಯಲ್ಲಿ ಕೂತವರು ಏಳಲೇ ಒಲ್ಲೆ ಎಂದರು. ಕೊನೆಗೆ ವಿಮಾನದ ಹೊತ್ತು ಹೇಳಿ ಎಬ್ಬಿಸಬೇಕಾಯಿತು. ಕೈಚೀಲ ಬಿಟ್ಟು ಬೇರೆ ಸಾಮಾನು ಇರಲಿಲ್ಲ, ಅದೇ ಗುಟ್ಟು.

ಕೊಚ್ಚಿಯ ನೆಡುಂಬಾಶ್ಶೇರಿಯೂ ಹಾಗೆಯೇ. 2015ರಿಂದ ಪೂರ್ತಿ ಸೌರಶಕ್ತಿಯಲ್ಲಿ ನಡೆಯುವ ನಿಲ್ದಾಣ. ಅಲ್ಲಿಂದ ಶಂಕರರು ಹುಟ್ಟಿದ ಕಾಲಡಿ ಪಕ್ಕದಲ್ಲೇ, ಪೆರಿಯಾರ್ ದಡದಲ್ಲಿ. ಫೋರ್ಟ್ ಕೊಚ್ಚಿಗೆ ಹೋಗುತ್ತೇನೆ ಎಂದು ಹೊರಟರೆ ಮಾತ್ರ ದಾರಿಯಲ್ಲೇ ಬಿಡುವು ಮುಗಿಯುತ್ತದೆ.

ಶಿಡ್ಲಘಟ್ಟದಗೂಡು

ಮೇಷ್ಟರೇ, ಬಜ್ಪೆಯನ್ನು ಬಿಟ್ಟಿರಿ. ಮಂಗಳೂರು ನಿಲ್ದಾಣದಿಂದ ಕಟೀಲು ಅರ್ಧ ಗಂಟೆಯ ದಾರಿ. ನಂದಿನಿ ನದಿಯ ನಡುವೆ ದುರ್ಗಾಪರಮೇಶ್ವರಿ, ಮಧ್ಯಾಹ್ನ ಹೋದರೆ ಅಲ್ಲೇ ಊಟ. ಮಳೆಗಾಲದಲ್ಲಿ ನದಿ ತುಂಬಿ ಬಂಡೆಗಳ ಮೇಲೆ ಮೊರೆಯುವುದನ್ನು ನೋಡುವುದಕ್ಕಾದರೂ ಹೋಗಬೇಕು.

ಬೆಟ್ಟದಬುಡ

ಪ್ರಶ್ನೆ ಚಿಕ್ಕಬಳ್ಳಾಪುರದ್ದು. ಕಟೀಲಿಗೆ ಹೇಗೆ ತಲುಪಿದೆವು?

ಕೋಲಾರದ ಮೇಷ್ಟರು

ಚಿಕ್ಕಬಳ್ಳಾಪುರವೇ 2007ರ ತನಕ ನಮ್ಮ ಜಿಲ್ಲೆಯಲ್ಲಿತ್ತು. ಎಲ್ಲಿಗೆ ಬೇಕಾದರೂ ತಲುಪುವ ಹಕ್ಕು ನನಗಿದೆ.

ಟರ್ಮಿನಲ್‌ಪಾಳಿ

ಡಿಸೆಂಬರ್ ಎಂದಿದ್ದೀರಿ. ಮಂಜಿನ ಮಾತನ್ನೂ ಹೇಳಿಬಿಡುತ್ತೇನೆ. ಚಳಿಗಾಲದ ಮುಂಜಾನೆ ದೇವನಹಳ್ಳಿ ಸುತ್ತ ಮಂಜು ಕವಿಯುವುದು ಇಲ್ಲಿನವರಿಗೆ ಹೊಸದಲ್ಲ. ದಟ್ಟವಾದರೆ ವಿಮಾನಗಳನ್ನು ಚೆನ್ನೈಗೆ ತಿರುಗಿಸುವುದೂ ಉಂಟು. ಮಂಜಿನಲ್ಲೂ ಇಳಿಸುವ ವ್ಯವಸ್ಥೆ ಈಗ ಮೊದಲಿಗಿಂತ ಸುಧಾರಿಸಿದೆ, ಆದರೂ ತಡವಾಗುವ ಸಾಧ್ಯತೆ ಇದ್ದೇ ಇದೆ. ಆದ್ದರಿಂದ ಒಂದು ಗಡಿ ಗೊತ್ತುಮಾಡಿಕೊಳ್ಳಿ. ಹತ್ತು ಗಂಟೆಯ ಒಳಗೆ ಅವರು ಹೊರಗೆ ಬಂದರೆ ಮನೆ. ದಾಟಿದರೆ ಮನೆಯ ಆಸೆ ಬಿಟ್ಟು ನೀವೇ ಊಟದ ಡಬ್ಬಿ ಹಿಡಿದು ನಿಲ್ದಾಣಕ್ಕೆ ಬನ್ನಿ. ಇದನ್ನು ಇವತ್ತೇ ಭಾವನ ಹತ್ತಿರ ಮಾತಾಡಿಟ್ಟರೆ ಆ ದಿನ ಫೋನಿನಲ್ಲಿ ಜಗಳ ಇರುವುದಿಲ್ಲ.

ಕೌಂಟರು ಹೊರಡುವ ಹೊತ್ತಿಗೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಲ್ಲಿ ನಿಂತು ಅತ್ತರೂ ತೆರೆಯುವುದಿಲ್ಲ. ಅಳುವವರನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ದೊಡ್ಡವರಿಬ್ಬರೂ ಫೋನಿನಲ್ಲಿ ಡಿಜಿಯಾತ್ರಾ (ಮುಖ ಗುರುತಿಸಿ ಒಳಗೆ ಬಿಡುವ ಆ್ಯಪ್) ಹಾಕಿಕೊಂಡರೆ ಬಾಗಿಲಿನ ಸಾಲು ಕಡಿಮೆಯಾಗುತ್ತದೆ.

ಕರೆದುಕೊಂಡು ಹೋಗಲು ಬರುವ ಕಾರನ್ನು ಪಿಕ್‌ಅಪ್ ಸಾಲಿನಲ್ಲಿ ನಿಲ್ಲಿಸಿಕೊಂಡು ಕಾಯಬೇಡಿ. ಪಾರ್ಕಿಂಗ್‌ನಲ್ಲಿ ಇರಿ, ಸಾಮಾನು ಕೈಗೆ ಬಂದ ಮೇಲೆ ಅಕ್ಕ ಫೋನು ಮಾಡಲಿ.

ಸೊಪ್ಪಿನಸಾರು

ಈಗ ನಾನು ನಿಮ್ಮ ಅಮ್ಮನ ವಯಸ್ಸಿನವಳಾಗಿ ಹೇಳುತ್ತೇನೆ, ಕೇಳಿ. ಕೂಸುಗಳು ರಾತ್ರಿ ಎರಡು ಗಂಟೆಗೆ ವಿಮಾನ ಹತ್ತಿರುತ್ತವೆ. ಮನೆಗೆ ಬಂದ ತಕ್ಷಣ ಅವಕ್ಕೆ ಬೇಕಾದದ್ದು ಬಿಸಿನೀರು ಮತ್ತು ಹಾಸಿಗೆ. ಬೆಟ್ಟವೂ ಬೇಡ, ಆದಿಯೋಗಿಯೂ ಬೇಡ.

ಅದಕ್ಕಿಂತ ಮುಖ್ಯ, ನಂಟರಿಷ್ಟರಿಗೆ ಹೇಳಿ ಕಳುಹಿಸಬೇಡಿ. "ಮಸ್ಕತ್‌ನಿಂದ ಮಗಳು ಬಂದಿದ್ದಾಳೆ" ಎಂದು ಬಾಯಿ ಬಿಟ್ಟರೆ ಸಾಕು, ದೊಡ್ಡಪ್ಪ, ಸೋದರತ್ತೆ, ಎದುರು ಮನೆಯ ಟೀಚರು, ಎಲ್ಲರೂ ಹನ್ನೊಂದಕ್ಕೆ ಬಂದು ಕೂರುತ್ತಾರೆ. ನಿಮ್ಮ ಅಕ್ಕ ನಿದ್ದೆಗಣ್ಣಿನಲ್ಲಿ ಕಾಫಿ ಲೋಟ ಹಿಡಿದು ಓಡಾಡುತ್ತಾಳೆ, ತಾಯಿ ಮಗಳು ನಾಲ್ಕು ಮಾತಾಡುವುದಿಲ್ಲ, ಒಂದೂವರೆಗೆ ಕಾರು ಬಂದು ಹಾರ್ನ್ ಹೊಡೆಯುತ್ತದೆ. ನಮ್ಮ ಮನೆಯಲ್ಲಿ ಹೀಗೇ ಆಯಿತು. ಮಗಳು ಹೋದ ಮೇಲೆ ಲೋಟ ತೊಳೆಯುತ್ತಾ ನೆನಪಿಸಿಕೊಂಡೆ, ಅವಳ ಮೊಣಕೈಗೆ ಹಾಕಿದ್ದ ಪಟ್ಟಿ ಏನು ಎಂದು ಕೇಳಲೇ ಇಲ್ಲ ಎಂದು.

ಅಡುಗೆಯೂ ಹಿಂದಿನ ದಿನವೇ ಅರ್ಧ ಆಗಿರಲಿ. ಮುದ್ದೆ, ಮಸ್ಸೊಪ್ಪು, ಅನ್ನ, ಮೊಸರು ಸಾಕು. ಒಬ್ಬಟ್ಟು ತಟ್ಟುತ್ತಾ ಒಲೆಯ ಮುಂದೆ ನಿಂತರೆ ಮಂಡಿಯೂ ಹೋಯಿತು, ಹೊತ್ತೂ ಹೋಯಿತು.

ಶಿಡ್ಲಘಟ್ಟದಗೂಡು

ಒಂದೂ ಜಾಗ ನೋಡದೆ ಹೋಗುವುದು ಹೇಗೆ? ಮಕ್ಕಳು ಮಲಗಿದ್ದಾಗ ಭಾವನನ್ನಾದರೂ ಭೋಗನಂದಿಗೆ ಕರೆದುಕೊಂಡು ಹೋಗಿ. ಊರಿನಿಂದ ಹತ್ತಿರ, ಬೆಟ್ಟ ಹತ್ತುವ ರಗಳೆ ಇಲ್ಲ. 806ರ, ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ ಶಾಸನದಲ್ಲಿ ಉಲ್ಲೇಖವಿರುವ ಗುಡಿ ಅದು. ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಎಲ್ಲರೂ ಒಂದೊಂದು ಕಲ್ಲು ಸೇರಿಸಿದ್ದಾರೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರನ ನಡುವೆ ಉಮಾಮಹೇಶ್ವರನ ಸಣ್ಣ ಗುಡಿ ಇದೆಯಲ್ಲ, ಅದರ ಮುಂದಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳ ಹತ್ತಿರ ನಿಲ್ಲಿ. ಬಳ್ಳಿಯ ಸುರುಳಿಗಳ ನಡುವೆ ಹಕ್ಕಿಗಳು. ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೊಕ್ಕು, ಕಣ್ಣು ಎಲ್ಲ ಬಿಡಿಸಿದ್ದಾನೆ ಆ ಶಿಲ್ಪಿ. ಬಹಳ ಜನ ಕಲ್ಯಾಣಿಯ ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಂಡು ಇದನ್ನು ನೋಡದೆಯೇ ಹೋಗುತ್ತಾರೆ.

ಹಳದಿಫಲಕ

ಭೋಗನಂದಿಗೆ ನನ್ನ ತಕರಾರಿಲ್ಲ. ಒಂದೂವರೆ ಗಂಟೆಯಲ್ಲಿ ಹೋಗಿ ಬರಬಹುದು. ಭಾನುವಾರ ಮದುವೆ ಜೋಡಿಗಳ ಫೋಟೊ ತೆಗೆಯುವವರ ಕಾಟ ಇರುತ್ತದೆ, ಅಷ್ಟೇ.

ಮಜ್ಜಿಗೆಹುಳಿ

ಮನೆಗೇ ಹೋಗದವರಿಗೆ, ಅಂದರೆ ನಾಲ್ಕೈದು ಗಂಟೆ ಮಾತ್ರ ಇರುವವರಿಗೆ, ದೇವನಹಳ್ಳಿ ಕೋಟೆ ಸಾಕು. ಹೆದ್ದಾರಿಯ ಪಕ್ಕದಲ್ಲೇ ಇದೆ. ಕೋಟೆಯೊಳಗೆ ಇನ್ನೂ ಊರು ವಾಸವಾಗಿದೆ, ವೇಣುಗೋಪಾಲಸ್ವಾಮಿ ಗುಡಿಯ ಗೋಡೆಯಲ್ಲಿ ಕೃಷ್ಣನ ಕತೆಗಳು. ಟಿಪ್ಪು ಹುಟ್ಟಿದ ನಂದಿಬೆಟ್ಟಕ್ಕೆ ಇನ್ನೊಮ್ಮೆ ಹೋದರಾಯಿತು.

ಕೋಲಾರದ ಮೇಷ್ಟರು

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲೇ, ನೀವು ಹೇಳಿದ ಕೋಟೆಯ ಹತ್ತಿರವೇ ಸ್ಮಾರಕವಿದೆ. ನಂದಿಬೆಟ್ಟದಲ್ಲಿ ಇರುವುದು ಟಿಪ್ಪು ಡ್ರಾಪ್ ಎಂಬ ಪ್ರಪಾತ. ಕೋಟೆ 1501ರಲ್ಲಿ ಮಲ್ಲಭೈರೇಗೌಡ ಕಟ್ಟಿಸಿದ ಮಣ್ಣಿನದು, ಕಲ್ಲಿನದಾದದ್ದು ಹೈದರಾಲಿಯ ಕಾಲದಲ್ಲಿ, 1791ರಲ್ಲಿ ಕಾರ್ನ್‌ವಾಲಿಸ್ ಕೈಗೆ ಹೋಯಿತು.

ಮಜ್ಜಿಗೆಹುಳಿ

ಮೇಷ್ಟರ ಮುಂದೆ ಬಾಯಿ ತೆರೆಯುವಂತಿಲ್ಲ. ಚಕ್ಕೋತ ಸಿಕ್ಕರೆ ತನ್ನಿ ಎಂದಾದರೂ ಹೇಳಬಹುದೇ? ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿ ಇದೆ, ಇದು ಸರಿಯಾಗಿಯೇ ಗೊತ್ತು.

ಹುಣಸೆತೋಪು ಚಿಂತಾಮಣಿ

ಸೂಚಿ ಇದೆ, ತೋಟಗಳೆಲ್ಲಿವೆ? ಅರ್ಧ ಲೇಔಟ್ ಆಯಿತು, ಇನ್ನರ್ಧದ ಮೇಲೆ ವಿಮಾನ ಇಳಿಯುತ್ತದೆ.

ದ್ರಾಕ್ಷಿಚಪ್ಪರ

ಎಲ್ಲವನ್ನೂ ಭಾವನಿಗೆ ಓದಿ ಹೇಳಿದೆ. ತಲೆಗೆ ಹದಿನೈದು ಕೆ.ಜಿ. ಎಂಬ ಮಾತಿಗೆ ಅವರು ಬಹಳ ಹೊತ್ತು ಸುಮ್ಮನಾದರು. "ಹೇಗೂ ಹೊರಗೆ ಬರಲೇಬೇಕು" ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಒಪ್ಪಿದ್ದು ಹೀಗೆ: ಹತ್ತು ಗಂಟೆಯ ಗಡಿ ಇಟ್ಟುಕೊಳ್ಳುವುದು, ಅಷ್ಟರೊಳಗೆ ಹೊರಗೆ ಬಂದರೆ ಮನೆ. ಮನೆಯಿಂದ ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಹೊರಡುವುದು, ಒಂದು ನಿಮಿಷ ಆಚೀಚೆ ಇಲ್ಲ. ಬೆಟ್ಟ ಇಲ್ಲ. ಭೋಗನಂದಿ ಭಾವನ ಇಷ್ಟ. ನಂಟರಿಗೆ ಹೇಳುವುದಿಲ್ಲ ಎಂದು ಅಮ್ಮನಿಂದ ಮಾತು ತೆಗೆದುಕೊಂಡೆ, ಆದರೆ ಸೋದರತ್ತೆಗೆ ಆಗಲೇ ಗೊತ್ತಾಗಿದೆ, ಯಾರಿಂದ ಎಂದು ಕೇಳಬೇಡಿ.

ಸಾಮಾನಿನ ವಿಷಯಕ್ಕೆ ಸೊಪ್ಪಿನಸಾರು ಅಮ್ಮ ಹೇಳಿದ್ದನ್ನು ಅಕ್ಕನೂ ಹೇಳಿದಳು, ಅದೇ ಮಾತುಗಳಲ್ಲಿ. ಹಾಗಾಗಿ ಮಸ್ಕತ್‌ನಲ್ಲೇ ಕಡಿಮೆ ತುಂಬುತ್ತಾರಂತೆ, ಹದಿನೈದು ಕೆ.ಜಿ. ಹೆಚ್ಚುವರಿ ಕೊಳ್ಳುತ್ತಾರಂತೆ, ನಮ್ಮ ಪಾಲಿನದು ಇಲ್ಲೇ ಇಳಿಯುತ್ತದೆ.

ಹಳದಿಫಲಕ ಅಣ್ಣ, ನೀವು ಆ ದಿನ ಬಿಡುವಾಗಿದ್ದೀರಾ?

ಹಳದಿಫಲಕ

ಇದ್ದೇನೆ. ದೊಡ್ಡ ಗಾಡಿಯೇ ಬೇಕಾಗುತ್ತದೆ, ಹೇಳಿಡುತ್ತೇನೆ. ಹಿಂದಿರುಗುವಾಗ ಒಂದನೇ ಟರ್ಮಿನಲ್ಲಿನ ನಿರ್ಗಮನದ ಮೇಲ್ಸೇತುವೆಗೇ ಬಿಡುತ್ತೇನೆ, ಮೆಟ್ಟಿಲು ಹತ್ತಿಸುವುದಿಲ್ಲ.

ಹಾಲ್ಟ್‌ಸ್ಟೇಷನ್

ನೋಡಿದಿರಾ? ಬಾಡಿಗೆ ಸಿಕ್ಕಿತು.

ದ್ರಾಕ್ಷಿಚಪ್ಪರ

ಇನ್ನೊಂದು. ಅಮ್ಮ ಅಕ್ಕನ ಮಡಿಲು ತುಂಬಿ ಕಳುಹಿಸಬೇಕಂತೆ. ಅಕ್ಕಿ, ಕೊಬ್ಬರಿ ಗಿಟುಕು, ಎಲೆ ಅಡಿಕೆ, ಬೆಲ್ಲ, ಬಳೆ. ಜೊತೆಗೆ ಧಾರವಾಡದವರಿಗೆ ಹಿದುಕಿದ ಅವರೆಬೇಳೆ. ಇವನ್ನೆಲ್ಲ ವಿಮಾನದಲ್ಲಿ ಬಿಡುತ್ತಾರೆಯೇ?

ಸೊಪ್ಪಿನಸಾರು

ಡಿಸೆಂಬರ್ ಮೊದಲ ವಾರದ ಅವರೆಯನ್ನು ಯಾರಿಗಾದರೂ ಕೊಡುತ್ತಾರೆಯೇ? ಇನ್ನೂ ಸೊಗಡು ಬಂದಿರುವುದಿಲ್ಲ. ಸಂಕ್ರಾಂತಿ ಹತ್ತಿರವಾಗಬೇಕು. ಕೊಟ್ಟು ಹೆಸರು ಕೆಡಿಸಿಕೊಳ್ಳಬೇಡಿ.

ಶಿಡ್ಲಘಟ್ಟದಗೂಡು

ಇಬ್ಬನಿ ಬಿದ್ದರೆ ಸಾಕು, ಸೊಗಡು ಬರುತ್ತದೆ. ನಮ್ಮ ಹೊಲದ್ದು ನವೆಂಬರ್ ಕೊನೆಗೇ ಘಮ್ಮೆನ್ನುತ್ತದೆ.

ಸೊಪ್ಪಿನಸಾರು

ನಿಮ್ಮ ಹೊಲದ್ದು ಎಂದು ನಿಮಗೆ ಘಮ್ಮೆನ್ನುತ್ತದೆ.

ತಿಪಟೂರು ಕೊಬ್ಬರಿ

ಹೆಸರು ನೋಡಿಯೇ ಗೊತ್ತಾಗಿರಬೇಕು, ಈ ವಿಷಯಕ್ಕೆ ನಾನು ಬರಲೇಬೇಕು. ಅಕ್ಕಿ, ಬೆಲ್ಲ, ಬಳೆ, ಅಡಿಕೆ ಎಲ್ಲ ಹೋಗುತ್ತವೆ. ಒಣಕೊಬ್ಬರಿ ಹೋಗುವುದಿಲ್ಲ. ಅದರಲ್ಲಿ ಎಣ್ಣೆ ಹೆಚ್ಚು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾರೆ. ಎಕ್ಸ್‌ರೇಯಲ್ಲಿ ದುಂಡಗೆ ಕಂಡರೆ ಸೂಟ್‌ಕೇಸನ್ನೇ ಪಕ್ಕಕ್ಕೆ ಎಳೆಯುತ್ತಾರೆ. ನಮ್ಮೂರಿನವರು ಮದುವೆಗೆ ಹೋಗುವಾಗ ನಿಲ್ದಾಣದ ಕಸದ ಬುಟ್ಟಿಗೆ ಒಳ್ಳೆಯ ಉಂಡೆ ಕೊಬ್ಬರಿ ಹಾಕಿ ಹೋಗುವುದನ್ನು ನೋಡಿದರೆ ಕರುಳು ಕಿವುಚುತ್ತದೆ.

ಬೆಟ್ಟದಬುಡ

ಶಬರಿಮಲೆಗೆ ಹೋಗುವವರಿಗೆ ಬಿಡುತ್ತಾರಲ್ಲ?

ತಿಪಟೂರು ಕೊಬ್ಬರಿ

ಅದು ತೆಂಗಿನಕಾಯಿ, ಇರುಮುಡಿಯದು. 2024ರಲ್ಲಿ ಯಾತ್ರೆಯ ಕಾಲಕ್ಕೆ ಮಾತ್ರ ಕೈಚೀಲದಲ್ಲಿ ಒಯ್ಯಲು ಬಿಟ್ಟರು. ಕೊಬ್ಬರಿಯ ಮಾತೇ ಬೇರೆ.

ದ್ರಾಕ್ಷಿಚಪ್ಪರ

ತುರಿದು ಡಬ್ಬಿಗೆ ಹಾಕಿದರೆ?

ತಿಪಟೂರು ಕೊಬ್ಬರಿ

ತುರಿದರೂ ಕೊಬ್ಬರಿ ಕೊಬ್ಬರಿಯೇ ತಮ್ಮ. ಗಿಟುಕನ್ನು ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಕೊಳ್ಳಲಿ, ಅಲ್ಲಿ ಅಂಗಡಿ ಇಲ್ಲವೇ?

ಸೊಪ್ಪಿನಸಾರು

ಮಡಿಲಕ್ಕಿಯ ಕೊಬ್ಬರಿಯನ್ನು ಅತ್ತೆ ಮನೆಯ ಊರಿನಲ್ಲಿ ಕೊಳ್ಳುವುದೇ? ಯಾವ ಊರಿನವರಪ್ಪ ನೀವು!